ಡಾಂಬರು, ಜಲ್ಲಿ, ಎರೆಮಣ್ಣು: ಎಂಟಿಬಿ ಟೈರು ಪದೇ ಪದೇ ಕೈಕೊಡುವುದರ ಕಾರಣ ಪತ್ತೆ ಮತ್ತು ಹೊಸ ಟೈರಿನ ಆಯ್ಕೆ

ಚಿತ್ರದುರ್ಗದ ಸುತ್ತಮುತ್ತ ಮೌಂಟನ್ ಬೈಕ್ (ಎಂಟಿಬಿ, ಅಂದರೆ ಗುಡ್ಡಗಾಡಿನ ಸೈಕಲ್) ಓಡಿಸುವವರ ಟೈರಿಗೆ ಒಂದೇ ಬೆಳಗಿನಲ್ಲಿ ಮೂರು ನಾಲ್ಕು ಬಗೆಯ ನೆಲ ಎದುರಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯ ಡಾಂಬರು, ಜೋಗಿಮಟ್ಟಿ ಕಡೆಯ ಏರು, ಗಾಳಿಯಂತ್ರಗಳನ್ನು ತಲುಪಲೆಂದು ಗುಡ್ಡದ ಮೇಲೆ ಕಡಿದ ಜಲ್ಲಿ ಹಾದಿ, ಭರಮಸಾಗರದ ಕಡೆಗೆ ಹೊರಳಿದರೆ ಎರೆಹೊಲಗಳ ನಡುವಿನ ಬಂಡಿ ಜಾಡು, ಇವೆಲ್ಲವೂ ಟೈರನ್ನು ಬೇರೆ ಬೇರೆ ರೀತಿಯಲ್ಲಿ ಸವೆಸುತ್ತವೆ. ಆದ್ದರಿಂದ ಗಟ್ಟಿ ಟೈರು ಯಾವುದು ಎಂದು ಕೇಳುವ ಮೊದಲು, ಈಗಿರುವ ಟೈರು ಯಾವ ಕಾರಣಕ್ಕೆ ಕೈಕೊಟ್ಟಿತು ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಮುಳ್ಳಿಗೆ ಸೋತ ಟೈರಿಗೆ ಬೇಕಾದ ಮದ್ದು ಬೇರೆ, ಕಲ್ಲಿನ ಏಟಿಗೆ ಸೋತ ಟೈರಿಗೆ ಬೇಕಾದದ್ದು ಬೇರೆ. ಎಷ್ಟೋ ಸಲ ದೋಷ ರಿಮ್ಮಿನಲ್ಲೋ ಬ್ರೇಕಿನಲ್ಲೋ ಇದ್ದು, ಟೈರು ಸುಮ್ಮನೆ ಬದಲಾಗಿರುತ್ತದೆ. ಹಾಗೆ ಬದಲಾಯಿಸಿದ ದುಬಾರಿ ಟೈರು ಹದಿನೈದು ದಿನಕ್ಕೆ ಅದೇ ಜಾಗದಲ್ಲಿ ಪಂಕ್ಚರ್ ಆದಾಗ ಬೈಗುಳ ತಿನ್ನುವುದು ಮಾತ್ರ ಟೈರಿನ ಕಂಪನಿ.

ಟ್ಯೂಬ್ ತೆಗೆಯುವ ಮೊದಲು

ಪಂಕ್ಚರ್ ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಟ್ಯೂಬನ್ನು ಸರಸರನೆ ಹೊರಗೆಳೆದು, ಗಾಳಿ ಹೊಡೆದು, ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದಲ್ಲಿ ಉಜ್ಜಿ ಪ್ಯಾಚ್ ಅಂಟಿಸುತ್ತಾರೆ. ತೂತು ಮುಚ್ಚಿತು, ನಿಜ. ಆದರೆ ಆ ತೂತು ಟೈರಿನ ಯಾವ ಭಾಗದ ಎದುರಿಗಿತ್ತು ಎಂಬ ಸುಳಿವು ಟ್ಯೂಬ್ ಹೊರಬಂದ ಕ್ಷಣವೇ ಕಳೆದುಹೋಗಿರುತ್ತದೆ. ಅಂಗಡಿಯ ಹುಡುಗನಿಗೆ ಮೊದಲೇ, "ತಮ್ಮಾ, ವಾಲ್ವ್ ಎದುರಿಗೆ ಟೈರಿನ ಮೇಲೆ ಒಂದು ಗುರುತು ಹಾಕು, ಟ್ಯೂಬ್ ತಿರುವಬೇಡ" ಎಂದು ಹೇಳುವುದು ಒಳ್ಳೆಯದು. ಇನ್ನೂ ಸುಲಭದ ದಾರಿಯೆಂದರೆ, ಟೈರು ಹಾಕುವಾಗಲೇ ಅದರ ಮೇಲಿನ ಹೆಸರು ವಾಲ್ವಿನ ನೇರಕ್ಕೆ ಬರುವಂತೆ ಕೂರಿಸುವುದು. ಆಗ ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಒಂದು ಗೇಣು ದೂರದಲ್ಲಿ ಸಿಕ್ಕರೆ, ಟೈರಿನಲ್ಲಿಯೂ ಹೆಸರಿನಿಂದ ಅಷ್ಟೇ ದೂರದಲ್ಲಿ ನೋಡಿದರಾಯಿತು. ಟ್ಯೂಬ್ ಯಾವ ಕಡೆಗೆ ಮಗುಚಿತ್ತೋ ನೆನಪಿಲ್ಲದಿದ್ದರೆ ಎಡಕ್ಕೂ ಬಲಕ್ಕೂ ಎರಡು ಕಡೆ ನೋಡಬೇಕು, ಅಷ್ಟೇ.

ತೂತನ್ನು ನೋಡುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ಅದು ಟ್ಯೂಬಿನ ಹೊರಮೈಯಲ್ಲಿ, ಅಂದರೆ ನೆಲದ ಕಡೆಗೆ ಇದೆಯೋ, ಇಲ್ಲವೇ ಒಳಮೈಯಲ್ಲಿ, ಅಂದರೆ ರಿಮ್ಮಿನ ಕಡೆಗೆ ಇದೆಯೋ ಎಂಬುದು ಒಂದು. ಅದು ಚುಕ್ಕೆಯೋ, ಸೀಳೋ, ಜೋಡಿ ಸೀಳೋ ಎಂಬುದು ಇನ್ನೊಂದು. ಮುಕ್ಕಾಲು ಪಾಲು ರೋಗ ನಿರ್ಣಯ ಇಷ್ಟರಲ್ಲೇ ಮುಗಿಯುತ್ತದೆ.

ಹೊರಮೈಯಲ್ಲಿ ಒಂದೇ ಚುಕ್ಕೆ

ಇದು ಚುಚ್ಚಿದ ಗಾಯ. ಚುಚ್ಚಿದ್ದು ಏನು ಎಂಬುದರ ಮೇಲೆ ಮುಂದಿನ ತೀರ್ಮಾನ ನಿಂತಿದೆ. ಈ ಭಾಗದಲ್ಲಿ ಶಂಕಿತರು ಮುಖ್ಯವಾಗಿ ಮೂರು.

ಮೊದಲನೆಯದು ಬಳ್ಳಾರಿ ಜಾಲಿ. ಕೆರೆಯ ಅಂಗಳ, ಹಳ್ಳದ ದಂಡೆ, ಪಾಳು ಬಿದ್ದ ಹೊಲ ಎಲ್ಲೆಡೆ ಹಬ್ಬಿರುವ ಈ ಗಿಡದ ಮುಳ್ಳು ಎರಡು ಮೂರು ಸೆಂಟಿಮೀಟರ್ ಉದ್ದಕ್ಕೆ ಸುಲಭವಾಗಿ ಬೆಳೆಯುತ್ತದೆ ಮತ್ತು ಒಣಗಿದಷ್ಟೂ ಗಟ್ಟಿಯಾಗುತ್ತದೆ. ನಿಂತ ಗಿಡಕ್ಕಿಂತ ಕಡಿದ ಕೊಂಬೆ ಹೆಚ್ಚು ಅಪಾಯಕಾರಿ. ಬೇಲಿ ಕಟ್ಟಲು ಎಳೆದು ತಂದ ಮುಳ್ಳು ಹಾದಿಯುದ್ದಕ್ಕೂ ಉದುರಿ, ಧೂಳಿನಲ್ಲಿ ಅಡಗಿ ಕೂತಿರುತ್ತದೆ. ಎರಡನೆಯದು ನೆಗ್ಗಿಲು. ನೆಲಕ್ಕೆ ಹರಡಿ ಹಳದಿ ಹೂ ಬಿಡುವ ಈ ಬಳ್ಳಿಯ ಕಾಯಿ ಒಣಗಿದಾಗ ನಾಲ್ಕೈದು ಹೋಳಾಗುತ್ತದೆ. ಪ್ರತಿ ಹೋಳಿಗೂ ಚೂಪಾದ ಮುಳ್ಳುಗಳಿದ್ದು, ಹೋಳು ಹೇಗೆ ಬಿದ್ದರೂ ಒಂದಲ್ಲ ಒಂದು ಮೊನೆ ಮೇಲ್ಮುಖವಾಗಿ ನಿಲ್ಲುತ್ತದೆ. ಒಂದೇ ಸುತ್ತಾಟದಲ್ಲಿ ಟೈರಿಗೆ ಎಂಟು ಹತ್ತು ಕಡೆ ಚುಚ್ಚಿಕೊಂಡಿದ್ದರೆ ಅದು ನೆಗ್ಗಿಲೇ. ಈ ಮುಳ್ಳು ಗಿಡ್ಡ. ಹಾಗಾಗಿ ಟೈರಿನ ರಬ್ಬರು ದಪ್ಪಗಿದ್ದಾಗ ಟ್ಯೂಬಿನವರೆಗೆ ಮುಟ್ಟುವುದಿಲ್ಲ, ಟೈರು ಸವೆದ ಮೇಲೆ ಮುಟ್ಟುತ್ತದೆ. ವರ್ಷವಿಡೀ ಸುಮ್ಮನಿದ್ದ ಟೈರು ಇದ್ದಕ್ಕಿದ್ದಂತೆ ವಾರಕ್ಕೊಮ್ಮೆ ಪಂಕ್ಚರ್ ಆಗತೊಡಗಿದ್ದರೆ ಮೊದಲು ರಬ್ಬರಿನ ಸವೆತವನ್ನೇ ಅನುಮಾನಿಸಬೇಕು.

ಮೂರನೆಯದನ್ನು ಪತ್ತೆ ಮಾಡುವುದು ಅತ್ಯಂತ ಕಷ್ಟ, ಅದು ಲಾರಿ ಟೈರಿನ ತಂತಿ. ಹೆದ್ದಾರಿಯಲ್ಲಿ ಸಿಡಿದ ರೇಡಿಯಲ್ ಟೈರಿನ ಚೂರುಗಳು ರಸ್ತೆಯಂಚಿಗೆ ಸರಿದು, ಅವುಗಳೊಳಗಿನ ಉಕ್ಕಿನ ಎಳೆಗಳು ಬಿಡಿಬಿಡಿಯಾಗಿ ಹರಡಿರುತ್ತವೆ. ಕೂದಲಿಗಿಂತ ತುಸು ದಪ್ಪವಿರುವ ಈ ಎಳೆ ಟೈರಿನೊಳಕ್ಕೆ ನುಗ್ಗಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಇದರ ಲಕ್ಷಣ ನಿಧಾನವಾದ ಸೋರಿಕೆ: ರಾತ್ರಿ ಗಾಳಿ ಇದ್ದ ಚಕ್ರ ಬೆಳಿಗ್ಗೆ ಮೆತ್ತಗಾಗಿರುತ್ತದೆ, ಪ್ಯಾಚ್ ಹಾಕಿಸಿದ ಮೂರನೇ ದಿನ ಪ್ಯಾಚಿನ ಪಕ್ಕದಲ್ಲೇ ಮತ್ತೊಂದು ಸೂಜಿತೂತು. ಹತ್ತಿಯ ಉಂಡೆಯನ್ನು ಟೈರಿನ ಒಳಗೆ ಸುತ್ತ ಸವರಿದರೆ ಎಳೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಬೆರಳಿನಿಂದ ಸವರುವವರು ಬೆರಳು ಕೊಯ್ದುಕೊಳ್ಳುತ್ತಾರೆ. ಸಿಕ್ಕ ಜಾಗವನ್ನು ಹೊರಕ್ಕೆ ಬಾಗಿಸಿ ಹಿಡಿದು, ತುದಿ ಇಣುಕಿದಾಗ ಉಗುರು ಕತ್ತರಿಯಿಂದ ಕಚ್ಚಿ ಎಳೆಯಬೇಕು. ಮುಳ್ಳಿನ ಮುರಿದ ತುದಿಗೂ ಇದೇ ಉಪಾಯ, ಆದರೆ ಅದನ್ನು ಒಳಗಿನಿಂದ ದಪ್ಪ ಸೂಜಿಯಲ್ಲಿ ಹೊರಕ್ಕೆ ತಳ್ಳುವುದು ಹೆಚ್ಚು ಸಲೀಸು. ಒಂದೇ ಜಾಗದಲ್ಲಿ ಎರಡು ಸಲ ಪಂಕ್ಚರ್ ಆಗಿದೆಯೆಂದರೆ ಚುಚ್ಚಿದ ವಸ್ತು ಇನ್ನೂ ಟೈರಿನಲ್ಲೇ ಇದೆ ಎಂದು ತಿಳಿದು ಹುಡುಕಬೇಕು. ಅದು ಸಿಗುವವರೆಗೆ ಹೊಸ ಟ್ಯೂಬ್ ಹಾಕುವುದು ದಂಡ.

ಒಳಮೈಯಲ್ಲಿ ಜೋಡಿ ಸೀಳು

ಅಕ್ಕಪಕ್ಕದಲ್ಲಿ, ಸುಮಾರು ರಿಮ್ಮಿನ ಅಗಲದಷ್ಟು ಅಂತರದಲ್ಲಿ ಎರಡು ಚಿಕ್ಕ ಸೀಳುಗಳಿದ್ದರೆ ಹಾವು ಕಚ್ಚಿದ ಗುರುತಿನಂತೆ ಕಾಣುತ್ತದೆ. ಚಕ್ರ ಕಲ್ಲಿಗೋ ಗುಂಡಿಯ ಅಂಚಿಗೋ ಬಡಿದು, ಟೈರು ಪೂರ್ತಿ ಅದುಮಿಕೊಂಡು, ಟ್ಯೂಬ್ ಆ ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಸಿಕ್ಕಿ ಕತ್ತರಿಸಿದೆ ಎಂದರ್ಥ. ಗಾಳಿ ಕಡಿಮೆ ಇತ್ತು, ಇಲ್ಲವೇ ಸವಾರರ ತೂಕಕ್ಕೆ ಹೋಲಿಸಿದರೆ ಟೈರು ಕಿರಿದಾಗಿತ್ತು. ಇವೆರಡರ ಹೊರತು ಬೇರೆ ಕಾರಣ ಅಪರೂಪ. ಸುಗ್ಗಿಯ ಕಾಲದಲ್ಲಿ ದಾವಣಗೆರೆ ಕಡೆಯ ರಸ್ತೆಗಳಲ್ಲಿ ಮೆಕ್ಕೆಜೋಳ ಒಣಹಾಕಿದಾಗ, ರಾಶಿಯ ಮೇಲೆ ವಾಹನ ಹತ್ತದಿರಲೆಂದು ಸಾಲಾಗಿ ಕಲ್ಲುಗಳನ್ನಿಡುತ್ತಾರೆ. ಕಾಳು ಬಾಚಿಕೊಂಡು ಹೋದ ಮೇಲೂ ಕಲ್ಲು ಮಾತ್ರ ಅಲ್ಲೇ ಉಳಿದಿರುತ್ತದೆ, ಮುಂಜಾನೆಯ ಮಬ್ಬಿನಲ್ಲಿ ಕಾಣುವುದೂ ಇಲ್ಲ. ಆ ತಿಂಗಳುಗಳಲ್ಲಿ ಗಾಳಿಯನ್ನು ನಾಲ್ಕು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚಿಗೆ ಇಟ್ಟುಕೊಳ್ಳುವುದು ಜಾಣತನ.

ಜೋಡಿ ಸೀಳಿಗೆ ಮುಳ್ಳು ತಡೆಯುವ ಪಟ್ಟಿಯುಳ್ಳ ಟೈರು ಪರಿಹಾರವಲ್ಲ. ಆ ಪಟ್ಟಿ ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ ಇರುತ್ತದೆ. ಇಲ್ಲಿ ಕತ್ತರಿಸಿದ್ದು ಒಳಗಿನ ರಿಮ್ಮು. ಪರಿಹಾರವಿರುವುದು ಗಾಳಿಯ ಅಳತೆಯಲ್ಲಿ. ಹೆಬ್ಬೆರಳಿನಿಂದ ಒತ್ತಿ ನೋಡಿ ಅಂದಾಜು ಮಾಡುವ ರೂಢಿ ನಮ್ಮಲ್ಲಿ ಬಲವಾಗಿದೆ, ಆದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಗಡುಸಾಗಿರುವ ಟೈರು 25 ಪಿಎಸ್‌ಐನಲ್ಲೂ ಬೆರಳಿಗೆ ಗಟ್ಟಿಯಾಗಿಯೇ ತೋರುತ್ತದೆ. ಗೇಜ್ ಇರುವ ನಿಲುಪಂಪು ಟೈರಿಗಿಂತ ಮೊದಲು ಕೊಳ್ಳಬೇಕಾದ ವಸ್ತು. ಸುಮಾರು 70 ಕಿಲೋ ತೂಕದ ಸವಾರರು 2.1 ಇಂಚು ಅಗಲದ ಟೈರಿಗೆ ಟ್ಯೂಬ್ ಹಾಕಿ ಓಡಿಸುವಾಗ, ಡಾಂಬರು ಮತ್ತು ಕಚ್ಚಾ ಹಾದಿ ಎರಡೂ ಇರುವ ದಿನಕ್ಕೆ ಹಿಂದೆ 40, ಮುಂದೆ 36ರಿಂದ ಆರಂಭಿಸಬಹುದು. ಬರೀ ಡಾಂಬರಾದರೆ 45 ದಾಟಿಸಬಹುದು. ಬರೀ ಕಚ್ಚಾ ಹಾದಿಯಾದರೆ 32ರವರೆಗೆ ಇಳಿಸಬಹುದು. ತಿರುವಿನಲ್ಲಿ ಮುಂದಿನ ಚಕ್ರ ಸಡಿಲ ಜಲ್ಲಿಯ ಮೇಲೆ ಜಾರುತ್ತಿದ್ದರೆ ಗಾಳಿ ಹೆಚ್ಚಾಗಿದೆ, ಹಂಪ್ ಮೇಲೆ ರಿಮ್ಮು ಟಣ್ ಎಂದರೆ ಕಡಿಮೆಯಾಗಿದೆ. ಸೈಡ್‌ವಾಲ್ ಮೇಲೆ ಅಚ್ಚಾಗಿರುವ ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ಮಾತ್ರ ಮೀರಬಾರದು.

ಇಲ್ಲಿ ಬೇಸಿಗೆಯ ಬಗ್ಗೆ ಒಂದು ಮಾತು. ಬಿಸಿಲಿಗೆ ಟ್ಯೂಬ್ ಸಿಡಿಯುತ್ತದೆಂದು ಹೆದರಿ ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಕಡಿಮೆ ಇಡುವವರು ಬಹಳ. ಬೆಳಿಗ್ಗೆ 25 ಡಿಗ್ರಿಯಲ್ಲಿ 40 ಪಿಎಸ್‌ಐ ಇದ್ದ ಟೈರು 45 ಡಿಗ್ರಿಗೆ ಕಾದರೆ ಒತ್ತಡ ಸುಮಾರು 44ಕ್ಕೆ ಏರುತ್ತದೆ; ಎಂಟಿಬಿ ಟೈರಿಗೆ ಇದು ಲೆಕ್ಕಕ್ಕಿಲ್ಲ. ಬಿಸಿಲಿಗೆ ನಿಜವಾಗಿ ಬಿಟ್ಟುಕೊಳ್ಳುವುದು ಹಳೆಯ ಪ್ಯಾಚಿನ ಅಂಟು. ಸೊಲ್ಯೂಷನ್ ಪೂರ್ತಿ ಒಣಗುವ ಮೊದಲೇ ಪ್ಯಾಚ್ ಒತ್ತಿದ್ದರೆ ಅದರ ಅಂಚು ಎದ್ದು ಗಾಳಿ ಸೋರುತ್ತದೆ, ಅದನ್ನು ಹೊಸ ಪಂಕ್ಚರ್ ಎಂದು ಎಣಿಸುವುದುಂಟು.

ರಿಮ್ಮಿನ ಕಡೆಗೆ ತೂತು, ವಾಲ್ವಿನ ಬುಡದಲ್ಲಿ ಹರಕು

ಒಳಮೈಯಲ್ಲಿ ಒಂಟಿ ತೂತು ಇದ್ದರೆ ಟೈರಿನ ತಪ್ಪೇನೂ ಇಲ್ಲ. ರಿಮ್ ಟೇಪ್ (ರಿಮ್ಮಿನ ಒಳಗೆ ಸುತ್ತುವ ಪಟ್ಟಿ) ಸರಿದು, ಸ್ಪೋಕನ್ನು ಹಿಡಿದಿಡುವ ನಿಪ್ಪಲ್ ಕೂರುವ ಕುಳಿ ಬಯಲಾಗಿದೆ, ಅಥವಾ ಯಾವುದೋ ಸ್ಪೋಕ್ ತುದಿ ಮೇಲಕ್ಕೆ ಚಾಚಿದೆ. ಟೇಪ್ ಬದಲಾಯಿಸಿದರೆ ಮುಗಿಯಿತು. ಹೊಸ ಟೇಪ್ ರಿಮ್ಮಿನ ಒಳ ಅಗಲವನ್ನು ಪೂರ್ತಿ ಮುಚ್ಚಬೇಕು.

ವಾಲ್ವಿನ ಬುಡ ಹರಿದಿದ್ದರೆ ಎರಡು ಸಾಧ್ಯತೆಗಳಿವೆ. ಗಾಳಿ ಕಡಿಮೆ ಇದ್ದು, ಬ್ರೇಕ್ ಹಿಡಿದಾಗಲೆಲ್ಲ ಟೈರು ರಿಮ್ಮಿನ ಮೇಲೆ ಸ್ವಲ್ಪ ಸ್ವಲ್ಪ ಜರುಗಿ ಟ್ಯೂಬನ್ನೂ ಎಳೆದಿದೆ. ಆಗ ವಾಲ್ವ್ ಓರೆಯಾಗಿ ನಿಂತಿರುವುದು ಹೊರಗಿನಿಂದಲೇ ಕಾಣುತ್ತದೆ. ಇಲ್ಲವೇ ಕಾರಿನ ವಾಲ್ವಿಗೆಂದು 8.5 ಮಿಲಿಮೀಟರ್ ಕೊರೆದ ರಿಮ್ಮಿಗೆ 6.5 ಮಿಲಿಮೀಟರ್ ರಂಧ್ರಕ್ಕೆ ಹೊಂದುವ ತೆಳು ಪ್ರೆಸ್ಟಾ ವಾಲ್ವಿನ ಟ್ಯೂಬ್ ಹಾಕಿದ್ದಾರೆ. ಸುತ್ತಲಿನ ಖಾಲಿ ಜಾಗದ ಲೋಹದಂಚು ಟ್ಯೂಬನ್ನು ಕೊಯ್ಯುತ್ತದೆ. ಪೆಟ್ರೋಲ್ ಬಂಕಿನಲ್ಲೂ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗಬೇಕೆಂದರೆ ಕಾರಿನ ವಾಲ್ವಿನ ಟ್ಯೂಬೇ ಈ ಕಡೆ ಸರಿ.

ಟೈರಿನ ಮೈ ನೋಡಿ

ಟ್ಯೂಬ್ ಸರಿಯಿದ್ದೂ ಟೈರೇ ಹಾಳಾಗುತ್ತಿದ್ದರೆ ಸವೆತದ ರೀತಿಯನ್ನು ಓದಬೇಕು. ಹಿಂದಿನ ಟೈರಿನ ನಡುಭಾಗದ ಬಟನ್‌ಗಳು (ಟೈರಿನ ಮೇಲೆ ಎದ್ದಿರುವ ರಬ್ಬರಿನ ಗುಬ್ಬಿಗಳು) ಮಟ್ಟಸವಾಗಿ ಸವೆದು, ಪಕ್ಕದವು ಹೊಸದರಂತೆಯೇ ಉಳಿದಿದ್ದರೆ ಅದು ಡಾಂಬರಿನ ಸವೆತ. ಸವಾರರ ತೂಕದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿದ್ದು, ಪೆಡಲಿನ ಎಳೆತವೂ ಅಲ್ಲೇ ಬೀಳುವುದರಿಂದ ಹಿಂದಿನದು ಬೇಗ ಸವೆಯುವುದು ಸಹಜ. ಕಾಡುಹಾದಿಗೆಂದೇ ಮಾಡಿದ ಮೆದು ರಬ್ಬರಿನ, ದೂರ ದೂರ ಬಟನ್ ಇರುವ ಟೈರನ್ನು ಚಿತ್ರದುರ್ಗದಿಂದ ದಾವಣಗೆರೆಯವರೆಗಿನ ಸುಮಾರು 60 ಕಿಲೋಮೀಟರ್ ಹೆದ್ದಾರಿಯಲ್ಲಿ ಆಗಾಗ ಓಡಿಸಿದರೆ ಅದು ಬೇರೆ ಯಾವ ರೀತಿಯಲ್ಲೂ ಸವೆಯಲಾರದು. ಬಟನ್‌ಗಳ ಬುಡದಲ್ಲಿ ಬಿರುಕು ಬಿಟ್ಟು ಒಂದೊಂದೇ ಕಿತ್ತು ಬರುತ್ತಿದ್ದರೆ, ಇಳಿಜಾರಿನಲ್ಲಿ ಹಿಂದಿನ ಬ್ರೇಕನ್ನು ಬಿಗಿಹಿಡಿದು ಚಕ್ರ ಎಳೆದುಕೊಂಡು ಹೋಗುವ ಅಭ್ಯಾಸ ಕಾರಣವಿರಬಹುದು.

ಸೈಡ್‌ವಾಲ್ ಕಡೆಗೆ ಬಂದರೆ ನೋಟ ಇನ್ನಷ್ಟು ಸೂಕ್ಷ್ಮವಾಗಬೇಕು. ಅಡ್ಡಾದಿಡ್ಡಿಯಾಗಿ ಒಂದು ಕಡೆ ಸೀಳಿದ್ದರೆ ಕಲ್ಲು. ಗುಡ್ಡದ ಹಾದಿಗಳಲ್ಲಿ ಮಣ್ಣಿನಿಂದ ಎದ್ದು ನಿಂತ ಬಿಳಿ ಬೆಣಚುಕಲ್ಲಿನ ಅಂಚು, ಗಾಳಿಯಂತ್ರದ ಹಾದಿಯ ಹೊಸ ಜಲ್ಲಿ ಇವೆರಡೂ ಗಾಜಿನಷ್ಟೇ ಹರಿತವಾಗಿರುತ್ತವೆ. ಸುತ್ತಲೂ ಒಂದೇ ಗೆರೆಯಲ್ಲಿ ರಬ್ಬರು ಸವೆದು ನೂಲು ಕಾಣುತ್ತಿದ್ದರೆ ಕಲ್ಲನ್ನು ಬೈಯಬೇಕಿಲ್ಲ, ಬ್ರೇಕ್ ಶೂ ರಿಮ್ಮಿಗಿಂತ ಮೇಲೆ ಕೂತು ಟೈರನ್ನು ಉಜ್ಜುತ್ತಿದೆ. ಡಿಸ್ಕ್ ಬ್ರೇಕ್ ಇರುವ ಸೈಕಲ್ಲಿನಲ್ಲಿ ಅದೇ ಗೆರೆ ಕಂಡರೆ ಚಕ್ರ ಓರೆಯಾಗಿ ಫ್ರೇಮಿಗೆ ತಾಗುತ್ತಿರಬೇಕು. ಬಲೆಯಂತೆ ಸಣ್ಣ ಬಿರುಕು ಎಲ್ಲೆಡೆ ಹರಡಿದ್ದರೆ ಸೈಕಲ್ ಬಿಸಿಲಿನಲ್ಲಿ, ಅದೂ ಗಾಳಿಯಿಲ್ಲದ ಚಕ್ರದ ಮೇಲೆ ನಿಂತಿದೆ. ಎಲ್ಲಾದರೂ ಉಬ್ಬು ಕಂಡರೆ ಒಳಗಿನ ನೂಲು ಹರಿದಿದೆ. ಅಂಥ ಟೈರನ್ನು ಆ ಕ್ಷಣವೇ ಇಳಿಸಬೇಕು, ಅದು ಇಳಿಜಾರಿನಲ್ಲಿ ಸಿಡಿದರೆ ಸವಾರರಿಗೆ ಉಳಿಗಾಲವಿಲ್ಲ.

ಹೊಸದಾಗಿ ಹಾಕಿದ ಟೈರು ಪ್ರತಿ ಸುತ್ತಿಗೂ ಎತ್ತಿಹಾಕಿದಂತೆ ಅನ್ನಿಸಿದರೆ ರಿಮ್ಮಿಗೆ ಹತ್ತಿರದಲ್ಲಿ ಟೈರಿನ ಸುತ್ತ ಇರುವ ತೆಳು ಗೆರೆಯನ್ನು ಗಮನಿಸಬೇಕು. ಆ ಗೆರೆ ಒಂದೆಡೆ ರಿಮ್ಮಿನೊಳಗೆ ಮುಳುಗಿದ್ದರೆ ಟೈರು ಸರಿಯಾಗಿ ಕೂತಿಲ್ಲ. ಗಾಳಿ ಬಿಟ್ಟು, ಅಂಚಿಗೆ ಸೋಪಿನ ನೀರು ಹಚ್ಚಿ, ಮತ್ತೆ ಗಾಳಿ ಹೊಡೆದರೆ ಮೇಲೆ ಬರುತ್ತದೆ.

ಪತ್ತೆಯಾದ ದೋಷಕ್ಕೆ ತಕ್ಕ ಟೈರು

ಮೊದಲು ಅಳತೆ. 26 ಇಂಚು ಎಂದು ಕೇಳಿ ತಂದ ಟೈರು ಕೂರುವುದಿಲ್ಲವೆಂಬ ದೂರಿಗೆ ಕಾರಣ, ಒಂದೇ ಹೆಸರಿನ ಹಿಂದೆ ಹಲವು ಅಳತೆಗಳಿರುವುದು. ಎಂಟಿಬಿಯ 26 x 2.1 ಟೈರಿನ ರಿಮ್ ವ್ಯಾಸ 559 ಮಿಲಿಮೀಟರ್, ಸಾದಾ ಸೈಕಲ್ಲಿನ 26 x 1⅜ ಟೈರಿನದು 590. 27.5 ಇಂಚಿನ ರಿಮ್ 584, 29 ಇಂಚಿನದು 622. ಸೈಡ್‌ವಾಲ್ ಮೇಲೆ 54-584 ಎಂಬಂತೆ ಅಚ್ಚಾದ ಜೋಡಿ ಅಂಕಿಗಳಲ್ಲಿ ಎರಡನೆಯದು ಹಳೆಯ ಟೈರಿನದಕ್ಕೆ ಸರಿಹೊಂದಿದರೆ ಸಾಕು, ಮೋಸವಿಲ್ಲ. ಮೊದಲನೆಯದು ಅಗಲ. ಒಳ ಅಗಲ 19ರಿಂದ 25 ಮಿಲಿಮೀಟರ್ ಇರುವ ರಿಮ್ಮಿಗೆ 2.0ದಿಂದ 2.25 ಇಂಚಿನ ಟೈರು ಈ ಮಿಶ್ರ ಬಳಕೆಗೆ ಹದವಾಗಿ ಒಪ್ಪುತ್ತದೆ. ಇದಕ್ಕಿಂತ ಕಿರಿದಾದರೆ ಜೋಡಿ ಸೀಳು ಶುರುವಾಗುತ್ತದೆ. ಅಗಲವಾದರೆ ಡಾಂಬರಿನಲ್ಲಿ ತುಳಿತ ಭಾರವಾಗುತ್ತದೆ, ಮೇಲಾಗಿ ಮಳೆಗಾಲದಲ್ಲಿ ಎರೆಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದಂತಾಗುತ್ತದೆ. ಎರೆಮಣ್ಣು ಹಸಿಯಾಗಿರುವಾಗ ಅದರಲ್ಲಿ ಸಲೀಸಾಗಿ ಓಡುವ ಟೈರನ್ನು ಯಾವ ಕಂಪನಿಯೂ ಮಾಡಿಲ್ಲ ಎಂದೇ ನನ್ನ ಅಭಿಪ್ರಾಯ. ಆ ದಿನಗಳಲ್ಲಿ ಗೊಚ್ಚುಮಣ್ಣಿನ ಹಾದಿ ಹಿಡಿಯುವುದೇ ಲೇಸು.

ನಡುಭಾಗದ ಡಾಂಬರು ಸವೆತವೇ ಮುಖ್ಯ ದೂರಾಗಿದ್ದರೆ, ನಡುವೆ ನುಣುಪು ಪಟ್ಟಿ ಅಥವಾ ಒತ್ತೊತ್ತಾದ ಗಿಡ್ಡ ಬಟನ್ ಇದ್ದು, ಪಕ್ಕಗಳಲ್ಲಿ ಮಾತ್ರ ಎತ್ತರದ ಬಟನ್ ಇರುವ ಟೈರನ್ನು ಆರಿಸಬೇಕು. ಕಾಂಟಿನೆಂಟಲ್ ಡಬಲ್ ಫೈಟರ್, ಶ್ವಾಲ್ಬೆ ಹರಿಕೇನ್ ಮತ್ತು ಸ್ಮಾರ್ಟ್ ಸ್ಯಾಮ್ ಈ ಜಾತಿಯವು. ನೇರ ಓಟದಲ್ಲಿ ನಡುಭಾಗ ಮಾತ್ರ ನೆಲಕ್ಕೆ ತಾಗುವುದರಿಂದ ಸದ್ದು ಕಡಿಮೆ, ಆಯುಷ್ಯ ಹೆಚ್ಚು. ತಿರುವಿನಲ್ಲಿ ಸೈಕಲ್ ವಾಲಿದಾಗ ಪಕ್ಕದ ಬಟನ್ ಜಲ್ಲಿಯನ್ನು ಕಚ್ಚುತ್ತದೆ. ಸಡಿಲ ಜಲ್ಲಿಯ ಕಡಿದಾದ ಏರಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಸುತ್ತು ಹೊಡೆಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಎರಡೂ ಚಕ್ರಕ್ಕೆ ಒಂದೇ ಟೈರು ಇರಲೇಬೇಕೆಂಬ ನಿಯಮವಿಲ್ಲ. ಹಿಂದೆ ನುಣುಪು ನಡುಭಾಗದ್ದು, ಮುಂದೆ ಬಟನ್ ಹೆಚ್ಚಿರುವುದು ಎಂಬ ಜೋಡಣೆಯೇ ಇಲ್ಲಿನ ಹಾದಿಗಳಿಗೆ ನನಗೆ ಸರಿ ಕಾಣುತ್ತದೆ. ಹಿಂದಿನ ಚಕ್ರ ಜಾರಿದರೆ ಕಾಲೂರಿ ನಿಲ್ಲಬಹುದು, ಮುಂದಿನದು ಜಾರಿದರೆ ಮುಖ ನೆಲಕ್ಕೆ.

ಮುಳ್ಳೇ ಶತ್ರುವಾದರೆ ಆಯ್ಕೆ ಬೇರೆ. ನೂಲಿನ ನೇಯ್ಗೆಯ ಸಾಂದ್ರತೆಯನ್ನು ಸೂಚಿಸುವ ಟಿಪಿಐ ಅಂಕಿ 30ರ ಆಸುಪಾಸಿನಲ್ಲಿದ್ದರೆ ದಪ್ಪ ನೂಲು, ಭಾರ, ಬಾಳಿಕೆ. 120 ಇದ್ದರೆ ಹಗುರ, ಮೆದು, ಕಲ್ಲಿಗೆ ಸೀಳುವ ಭಯ. ಮಿಶ್ರ ಬಳಕೆಗೆ 60ರ ಆಸುಪಾಸು ಸಾಕು, ಆದರೆ ಅದಕ್ಕಿಂತ ಮುಖ್ಯವಾದುದು ಬಟನ್‌ಗಳ ಕೆಳಗೆ ತಡೆಪಟ್ಟಿ ಇದೆಯೇ ಎಂಬುದು. ತೆಳು ನೈಲಾನ್ ಪಟ್ಟಿ ನೆಗ್ಗಿಲನ್ನು ತಡೆಯುತ್ತದೆ, ಗಾಜಿನ ಚೂರನ್ನೂ ತಡೆಯುತ್ತದೆ. ಬಳ್ಳಾರಿ ಜಾಲಿಗೆ ಅದು ಸಾಲದು. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ಸಾಲಿನ ಟೈರುಗಳಲ್ಲಿರುವ 5 ಮಿಲಿಮೀಟರ್ ದಪ್ಪದ ರಬ್ಬರಿನ ಪದರ ಉದ್ದ ಮುಳ್ಳಿಗೂ ತಕ್ಕಮಟ್ಟಿಗೆ ಎದುರು ನಿಲ್ಲುತ್ತದೆ, ಆದರೆ ತೂಕ ಮತ್ತು ಬೆಲೆ ಎರಡೂ ಹೆಚ್ಚು. ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಅಗ್ಗವಾದರೂ, ಅದರ ತುದಿಗಳು ಟ್ಯೂಬನ್ನು ಉಜ್ಜಿ ತೂತು ಮಾಡುವುದುಂಟು. ಹಾಕುವುದಾದರೆ ತುದಿಗಳನ್ನು ದುಂಡಗೆ ಕತ್ತರಿಸಿ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡಬೇಕು.

ರಿಮ್ ಮತ್ತು ಟೈರು ಎರಡೂ ಟ್ಯೂಬ್‌ಲೆಸ್‌ಗೆ ಒಗ್ಗುವಂಥವಾಗಿದ್ದರೆ ಜಾಲಿ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಒಳಗಿನ ಸೀಲಂಟ್ ದ್ರವ ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ, ಟ್ಯೂಬೇ ಇಲ್ಲದಿರುವುದರಿಂದ ಜೋಡಿ ಸೀಳಿನ ಪ್ರಶ್ನೆಯೂ ಇಲ್ಲ. ಆದರೆ ಬಯಲುಸೀಮೆಯ ಸೆಕೆಗೆ ಆ ದ್ರವ ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ವಾಲ್ವಿನ ತಿರುಳು ಬಿಚ್ಚಿ, ಒಳಗೆ ಕಡ್ಡಿಯೊಂದನ್ನು ಇಳಿಸಿ ಹಸಿ ಇದೆಯೇ ಎಂದು ನೋಡಬೇಕಾಗುತ್ತದೆ. ಇಷ್ಟು ಆರೈಕೆ ಸಾಧ್ಯವಿಲ್ಲದವರು, ತಿರುಳು ಬಿಚ್ಚಬಹುದಾದ ವಾಲ್ವಿನ ಟ್ಯೂಬಿಗೇ ಸೀಲಂಟ್ ತುಂಬಿಸಿದರೂ ಸಣ್ಣ ಮುಳ್ಳಿನ ಕಾಟ ಬಹುಪಾಲು ತಪ್ಪುತ್ತದೆ.

ಸೈಡ್‌ವಾಲ್ ಸೀಳಿ ಹೋಗುವವರು ಮಾತ್ರ ಮುಳ್ಳಿನ ತಡೆಪಟ್ಟಿಗೆ ಮರುಳಾಗದೆ, ಪಕ್ಕಗಳಿಗೂ ಹೆಚ್ಚುವರಿ ಪದರವಿದೆ ಎಂದು ಕಂಪನಿ ಸ್ಪಷ್ಟವಾಗಿ ಹೇಳಿರುವ ಟೈರನ್ನೇ ಕೇಳಿ ಕೊಳ್ಳಬೇಕು. ಹಾದಿಯ ನಡುವೆ ಸೀಳಿದರೆ ಹಳೆಯ ಟೈರಿನಿಂದ ಕತ್ತರಿಸಿಟ್ಟ ಎರಡು ಬೆರಳಗಲದ ತುಂಡನ್ನು ಒಳಗಿನಿಂದ ಆನಿಸಿ, ಗಾಳಿ ಕಡಿಮೆ ಹೊಡೆದು ಊರು ಸೇರಬಹುದು.

ಟೈರು ತರುವಾಗ ಟ್ಯೂಬಿನ ಪೆಟ್ಟಿಗೆಯನ್ನೂ ಓದಬೇಕು. 1.9ರಿಂದ 2.35 ಎಂದಿರುವ ಟ್ಯೂಬ್ 2.1ರ ಟೈರಿಗೆ ಸರಿ. ಅಂಗಡಿಯಲ್ಲಿ ಬೇರೆ ಇಲ್ಲವೆಂದು 1.5ರ ಟ್ಯೂಬ್ ತುರುಕಿದರೆ ಅದು ಹಿಗ್ಗಿ ತೆಳುವಾಗಿ ನೆಗ್ಗಿಲಿನ ಮೊನೆಗೂ ತಾಳುವುದಿಲ್ಲ. ಎರಡೂ ಚಕ್ರಕ್ಕೆ ಒಂದೇ ಬಗೆಯ ಟೈರಿದ್ದರೆ, ಹಿಂದಿನ ಟೈರು ಸವೆದಾಗ ಮುಂದಿನದನ್ನು ಹಿಂದಕ್ಕೆ ಹಾಕಿ, ಹೊಸದನ್ನು ಮುಂದಕ್ಕೆ ಕೂರಿಸುವುದು ದುಡ್ಡು ಉಳಿಸುವ ದಾರಿ. ಆಗ ಸೈಡ್‌ವಾಲ್ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕಚ್ಚಾ ಹಾದಿಯಿಂದ ಬಂದ ದಿನ ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಟನ್‌ಗಳ ಸಂದಿಯಲ್ಲಿ ಸಿಕ್ಕಿರುವ ಮುಳ್ಳು, ಬೆಣಚಿನ ಚೂರುಗಳನ್ನು ಚಿಮುಟದಿಂದ ತೆಗೆದುಬಿಡಬೇಕು. ಅಂದು ರಬ್ಬರಿನಲ್ಲೇ ನಿಂತಿರುವ ಮುಳ್ಳು ನಾಲ್ಕು ದಿನ ಡಾಂಬರಿನ ಮೇಲೆ ಉರುಳಿದರೆ ಟ್ಯೂಬನ್ನು ಮುಟ್ಟಿರುತ್ತದೆ.